ಎಡಚಕ್ರದ ದೀಪ

ಬಟಾಣಿ ಕಾಳಿನಷ್ಟು ದಪ್ಪದ ಒಂದು ಬಲ್ಬು. ಬೆಳಿಗ್ಗೆ ಮೆಕ್ಯಾನಿಕ್ ಅದನ್ನು ಬದಲಾಯಿಸಿ ಪುಸ್ತಕದಲ್ಲಿ ಸಹಿ ಹಾಕಿದ. ಸಹಿ ಹಾಕಿದ್ದೇ ತಪ್ಪಾಯಿತು.

ಎಂಟು ಸೀಟಿನ ಆ ಪುಟ್ಟ ಜೆಟ್ ವಿಮಾನದ ಕಂಪನಿಯಲ್ಲಿ ಒಂದು ನಿಯಮವಿತ್ತು. ರಿಪೇರಿಗೆ ಸಹಿ ಹಾಕಿದವನೇ ಮುಂದಿನ ಹಾರಾಟದಲ್ಲಿ ಕೂತು ಬರಬೇಕು. ನಿಯಮ ಮಾಡಿದ್ದು ಯಜಮಾನರ ತಾಯಿ. ನಲವತ್ತು ವರ್ಷ ಶಾಲೆಯ ಹೆಡ್‌ಮಿಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಗದರಿಸಲು ಮಕ್ಕಳಿಲ್ಲದೆ ಮಗನ ಕಂಪನಿಯನ್ನು ಹಿಡಿದುಕೊಂಡಿದ್ದರು.

"ಸಂಜೆ ನಾಲ್ಕಕ್ಕೆ ಮಗಳ ನಾಟಕ," ಎಂದು ಹೆಂಡತಿ ಬಾಗಿಲಲ್ಲೇ ಎಚ್ಚರಿಸಿದ್ದಳು. "ಆಚೆ ವರ್ಷ ಅವಳದು ಮೋಡದ ಪಾತ್ರ, ನೀವು ಬರಲಿಲ್ಲ. ಹೋದ ವರ್ಷ ಮೊಲ, ಬರಲಿಲ್ಲ. ಈ ಸಲ ಮರ."

"ಮೂರಕ್ಕೆ ವಿಮಾನ ಇಳಿಯುತ್ತೆ ಕಣೇ."

"ವಿಮಾನದ ವಿಷಯ ಬೇಡ. ನಿಮ್ಮ ವಿಷಯ ಹೇಳಿ."

"ಮುಂದಿನ ಸಾಲಲ್ಲೇ ಕೂತಿರ್ತೀನಿ, ನೋಡ್ತಿರು."

ದೂರದ ಊರಿನಿಂದ ಯಜಮಾನರನ್ನೂ ಅವರ ತಾಯಿಯನ್ನೂ ಹತ್ತಿಸಿಕೊಂಡು, ಮೆಕ್ಯಾನಿಕ್ ಕೂತಿದ್ದ ವಿಮಾನ ವಾಪಸು ಹೊರಟಿತು. ಹೆಡ್‌ಮಿಸ್ ಸಂಜೆ ಎಲ್ಲೋ ಮಾಡಬೇಕಿದ್ದ ಭಾಷಣವನ್ನು ಗಟ್ಟಿಯಾಗಿ ಓದುತ್ತಿದ್ದರು. ವಿಷಯ, ಸಮಯಪಾಲನೆ. ಎರಡು ಸಲ ಕೇಳಿ ಮೆಕ್ಯಾನಿಕ್‌ಗೆ ಬಾಯಿಪಾಠವಾಗಿತ್ತು.

ಮೂರಕ್ಕೆ ಐದು ನಿಮಿಷ ಇರುವಾಗ ಕ್ಯಾಪ್ಟನ್ ಚಕ್ರ ಇಳಿಸಿದರು. ಮೂರು ಚಕ್ರಕ್ಕೆ ಮೂರು ಹಸಿರು ದೀಪ ಹೊತ್ತಬೇಕು. ಎರಡೇ ಹೊತ್ತಿದವು. ಎಡಚಕ್ರದ್ದು, ಬೆಳಿಗ್ಗೆ ಮೆಕ್ಯಾನಿಕ್ ಸಹಿ ಹಾಕಿದ್ದೇ, ಕತ್ತಲಾಗಿತ್ತು.

"ಒಂದೋ ಚಕ್ರ ಇಳಿದಿಲ್ಲ, ಇಲ್ಲಾ ನಿನ್ನ ಬಲ್ಬು ಹೋಗಿದೆ," ಎಂದರು ಕ್ಯಾಪ್ಟನ್, ನಿಮ್ಮನೆ ನಲ್ಲಿಯಲ್ಲಿ ನೀರು ಬಂತಾ ಎಂದು ಪಕ್ಕದ ಮನೆಯವರು ಕೇಳುವಷ್ಟು ಶಾಂತವಾಗಿ.

"ಬಲ್ಬೇ ಇರಬೇಕು ಸಾರ್."

"ಇರಬೇಕು ಅಂತ ಇಳಿಸೋಕಾಗಲ್ಲ. ಪಕ್ಕದ ಬಲ್ಬು ಕಿತ್ತು ಇಲ್ಲಿ ಹಾಕಿ ನೋಡು."

ಮೆಕ್ಯಾನಿಕ್ ಮುಂಚಕ್ರದ ಬಲ್ಬು ಕಿತ್ತ. ಅದು ಬೆವರಿದ ಬೆರಳಿನಿಂದ ಜಾರಿ, ಶಾಲೆ ಬಿಟ್ಟ ಮಗುವಿನ ಹಾಗೆ ಹಿಂದಕ್ಕೆ ಓಡಿತು.

"ಆಗ ಒಂದು ದೀಪ ಇರಲಿಲ್ಲ, ಈಗ ಎರಡಿಲ್ಲ," ಎಂದರು ಯಜಮಾನರು. "ಇನ್ನೂ ಎಷ್ಟು ರಿಪೇರಿ ಮಾಡ್ತೀಯಪ್ಪಾ?"

ಮೆಕ್ಯಾನಿಕ್ ಸೀಟುಗಳ ಕೆಳಗೆ ತೆವಳಿದ. ಹೆಡ್‌ಮಿಸ್ ಬೆಲ್ಟ್ ಬಿಚ್ಚಿ ಎದ್ದೇಬಿಟ್ಟರು. "ಸರಿಯೋ ಆಚೆ. ಚಾಕ್‌ಪೀಸ್ ಹುಡುಕಿ ಹುಡುಕಿ ನನಗೆ ಅಭ್ಯಾಸ ಇದೆ." ಅಷ್ಟರಲ್ಲಿ ವಿಮಾನ ವಾಲಿತು. ಅವರು ಮೆಕ್ಯಾನಿಕ್‌ನ ಬೆನ್ನ ಮೇಲೆ ಕೂತರು.

"ಅಮ್ಮಾ, ದಮ್ಮಯ್ಯ ಅಂತೀನಿ, ಬೆಲ್ಟ್ ಹಾಕ್ಕೊಳಿ! ನಾನು ಬಂದು ಹೇಳೋವರೆಗೆ ಬಿಚ್ಚಬೇಡಿ. ಬೇರೆ ಯಾರು ಹೇಳಿದ್ರೂ ಬಿಚ್ಚಬೇಡಿ!" ಎಂದು ಮೆಕ್ಯಾನಿಕ್ ಕೆಳಗಿನಿಂದಲೇ ಕೂಗಿದ.

ಹೆಡ್‌ಮಿಸ್ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ನಲವತ್ತು ವರ್ಷದಲ್ಲಿ ಅವರಿಗೇ ನಿಯಮ ಹೇಳಿದವರು ಯಾರೂ ಇರಲಿಲ್ಲ. ಗೌರವದಿಂದ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದರು.

ಯಜಮಾನರು ಕಾಲು ಸರಿಸಿದರು. ಬೂಟಿನ ಕೆಳಗೆ ಕರಕ್ ಎಂದಿತು. ಬಲ್ಬು ಸಿಕ್ಕಿತು.

"ಮೂರನೇದು ಕೀಳ್ಲಾ ಸಾರ್?"

"ಬೇಡಪ್ಪಾ," ಎಂದರು ಕ್ಯಾಪ್ಟನ್. "ಅದೊಂದಾದರೂ ಇರಲಿ."

ಕೊನೆಗೆ ಕಂಟ್ರೋಲ್ ಟವರಿನ ಮುಂದೆ ತಗ್ಗಿನಲ್ಲಿ ಹಾರಿದರು. ಚಕ್ರ ಇಳಿದಿದೆಯಾ ಎಂದು ಟವರಿನವನು ದುರ್ಬೀನು ಹಿಡಿದು ನೋಡಬೇಕು. "ಸಾರ್, ಸರಿಯಾಗಿ ಆಗಲೇ ಸೀನು ಬಂತು. ಇನ್ನೊಂದ್ಸಲ ಬನ್ನಿ," ಎಂದ. ಇನ್ನೊಂದು ಸಲ ಬಂದರು. ಮೂರೂ ಚಕ್ರ ಇಳಿದಿದ್ದವು. ಬಲ್ಬೇ ಹೋಗಿತ್ತು.

ಮೂರೂವರೆಗೆ ವಿಮಾನ ನೆಲ ಮುಟ್ಟಿತು. ಮೆಟ್ಟಿಲು ಇಳಿಸಿದ್ದೇ ತಡ, ಮೆಕ್ಯಾನಿಕ್ ಯಾರ ಮುಖವನ್ನೂ ನೋಡದೆ ಓಡಿ ಸ್ಕೂಟರ್ ಹತ್ತಿದ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ. ನಿಜವಾಗಿಯೂ ಅವನೇನಾ ಎಂದು ಹೆಂಡತಿ ಮುಟ್ಟಿ ನೋಡಿದಳು. ಪರದೆಯ ಸಂದಿಯಿಂದ ಮರವೊಂದು ಕೈ ಬೀಸಿತು.

ನಾಲ್ಕಾಯಿತು. ನಾಲ್ಕೂಕಾಲಾಯಿತು. ಮೇಷ್ಟ್ರು ಮೈಕ್ ಹಿಡಿದರು. "ಮುಖ್ಯ ಅತಿಥಿಗಳು ಬರೋದು ಸ್ವಲ್ಪ ತಡ. ವಿಮಾನ ಇಳಿದಿದೆಯಂತೆ. ಅವರು ಇಳಿದಿಲ್ಲವಂತೆ."

ಅದೇ ಹೊತ್ತಿಗೆ ಮೆಕ್ಯಾನಿಕ್‌ನ ಫೋನು ಹೊಡೆದುಕೊಂಡಿತು. ಯಜಮಾನರು.

"ಎಲ್ಲಿ ಹಾಳಾಗಿ ಹೋದ್ಯೋ? ಅಮ್ಮ ಬೆಲ್ಟ್ ಬಿಚ್ತಾ ಇಲ್ಲ! ನಾನು ಹೇಳ್ದೆ, ಕ್ಯಾಪ್ಟನ್ ಹೇಳಿದ್ರು, ಬೆಂಕಿ ಆರಿಸೋರೂ ಬಂದು ಹೇಳಿದ್ರು!"

"ಅವರಿಗೇ ಕೊಡಿ ಸಾರ್ ಫೋನು... ಅಮ್ಮಾ, ನಾನೇ ಹೇಳ್ತಿದ್ದೀನಿ. ಬಿಚ್ಚಿ."

"ಬಂದು ಹೇಳ್ತೀನಿ ಅಂದಿದ್ದೆ," ಎಂದರು ಹೆಡ್‌ಮಿಸ್. "ಬಂದು ಹೇಳು."

ಹೋದ. ಹೇಳಿದ. ಬಿಚ್ಚಿದರು.

ಅವರನ್ನು ಕರೆದುಕೊಂಡು ವಾಪಸು ಬಂದಾಗ ಐದೂಕಾಲು. ಮಕ್ಕಳು ಹಸಿದು ಅಳತೊಡಗಿದ್ದರಿಂದ, ಭಾಷಣ ಆಮೇಲಿರಲಿ ಎಂದು ನಾಟಕ ಮುಗಿಸಿಬಿಟ್ಟಿದ್ದರು. ಗೇಟಿನ ಹತ್ತಿರ ಮರ ಕಾಯುತ್ತ ನಿಂತಿತ್ತು.

"ಅಪ್ಪಾ, ನಾನು ಒಂದು ಚೂರೂ ಅಲ್ಲಾಡಲಿಲ್ಲ. ನೋಡಿದ್ಯಾ?"

ಮೆಕ್ಯಾನಿಕ್ ಬಾಯಿ ತೆರೆಯುವ ಮೊದಲೇ ಹೆಡ್‌ಮಿಸ್ ಅವಳ ಎಲೆಗಳನ್ನು ಸವರಿದರು. "ಶಭಾಷ್ ಮಗೂ. ನಾನೂ ಅಲ್ಲಾಡಲಿಲ್ಲ."

ಇನ್ನು ಬಾಕಿ ಇದ್ದದ್ದು ಭಾಷಣವೊಂದೇ. ಸಮಯಪಾಲನೆಯ ಆ ಭಾಷಣವನ್ನು ಮೆಕ್ಯಾನಿಕ್ ಮುಂದಿನ ಸಾಲಿನಲ್ಲಿ ಕೂತು ಮೂರನೇ ಸಲ ಕೇಳಿದ. ಪಕ್ಕದಲ್ಲಿ ಹೆಂಡತಿ ಒಂದೊಂದು ವಾಕ್ಯಕ್ಕೂ ಅವನ ಮುಖವನ್ನೇ ನೋಡುತ್ತ ಚಪ್ಪಾಳೆ ತಟ್ಟಿದಳು.