ಏಳನೇ ಕಾಲಂ

ಎಲ್ಲ ಅನಾಹುತಕ್ಕೂ ಮೂಲ ಒಂದು ಕನ್ನಡಕ. ಕಳೆದ ವರ್ಷ ಶಾಲೆಯ ಫಲಿತಾಂಶದ ನಮೂನೆ ತುಂಬುವ ದಿನವೇ ಗುಮಾಸ್ತರು ಅದರ ಮೇಲೆ ಕುಳಿತುಬಿಟ್ಟಿದ್ದರು. ನಮೂನೆಯಲ್ಲಿ ಬರೀ ಕಾಲಂ ನಂಬರುಗಳು. ಯಾವುದಕ್ಕೆ ಏನರ್ಥ ಎಂಬುದು ಬೇರೊಂದು ಹಾಳೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಪಾಸಾದವರು ಏಳನೇ ಕಾಲಂ, ಫೇಲಾದವರು ಎಂಟನೇದು. ಗುಮಾಸ್ತರು ಅದಲುಬದಲು ಮಾಡಿದರು. ನೂರು ಮಕ್ಕಳಲ್ಲಿ ಎಂಬತ್ತೆಂಟು ಪಾಸಾಗಿದ್ದ ಶಾಲೆ ಕಾಗದದ ಮೇಲೆ ಹನ್ನೆರಡಕ್ಕೆ ಇಳಿಯಿತು. ಯಾರೂ ಗಮನಿಸಲಿಲ್ಲ, ಆ ಕಾಲಕ್ಕೆ ಅಂಥ ಲೆಕ್ಕಗಳನ್ನು ಪೂರ್ತಿ ಓದುತ್ತಿದ್ದದ್ದು ಗೆದ್ದಲು ಮಾತ್ರ.

ಈ ವರ್ಷ ಹೊಸ ಕನ್ನಡಕ, ಸರಿಯಾದ ಕಾಲಂ. ಈ ವರ್ಷವೇ ಸರ್ಕಾರವೂ ರಾಜ್ಯದ ಎಲ್ಲ ಶಾಲೆಗಳ ಹಣೆಬರಹವನ್ನು ಜನರ ಮುಂದಿಡಲು ಮನಸ್ಸು ಮಾಡಿತು.

ಪಟ್ಟಿ ಪೇಪರಿನಲ್ಲಿ ಬಂದ ದಿನ ಬೆಳಿಗ್ಗೆ ಎದುರುಮನೆಯ ಕ್ಷೌರಿಕ ಅದನ್ನು ಬೀಸುತ್ತ ಓಡಿಬಂದ. "ಏನ್ ಸ್ವಾಮಿ, ಒಂದ್ ಮಾತೂ ಹೇಳ್ಲಿಲ್ಲ! ಒಂದೇ ವರ್ಷದಲ್ಲಿ ಹನ್ನೆರಡರಿಂದ ಎಂಬತ್ತೇಳು! ಪ್ರಗತೀಲಿ ಇಡೀ ರಾಜ್ಯಕ್ಕೆ ನಿಮ್ಮ ಶಾಲೇನೇ ಫಸ್ಟು!"

ಗುಮಾಸ್ತರು ಪೇಪರು ಇಸಿದುಕೊಂಡು ನಾಲ್ಕು ಮಡಿಕೆ ಮಡಚಿದರು. ನಿಜ ಹೇಳಬೇಕೆಂದರೆ ಶಾಲೆ ಒಂದು ಮೆಟ್ಟಿಲು ಕೆಳಗಿಳಿದಿತ್ತು.

ಇವತ್ತು ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಸಹಿ. ದಿನಾ ಎರಡು ಬಸ್ಸು ಹತ್ತಿಳಿದು, ತಣ್ಣನೆಯ ಡಬ್ಬಿ ಊಟ ಉಂಡು ಹನ್ನೆರಡು ವರ್ಷವಾಗಿತ್ತು. ಈಗ ತಮ್ಮ ಬೀದಿಯ ತುದಿಯಲ್ಲಿರುವ ಶಾಲೆಗೇ ವರ್ಗವಾಗಿತ್ತು. ಅಲ್ಲಿನ ಮುದಿ ಗುಮಾಸ್ತರು ನಿನ್ನೆಯಷ್ಟೇ ನಿವೃತ್ತರಾಗಿದ್ದರು. ಬಿಡುಗಡೆ ಪತ್ರಕ್ಕೆ ಮುಖ್ಯೋಪಾಧ್ಯಾಯಿನಿ ಸಹಿ ಹಾಕಿದರೆ ನಾಳೆಯಿಂದ ಮಧ್ಯಾಹ್ನ ಮನೆಯಲ್ಲೇ ಬಿಸಿ ಊಟ.

"ಸಹಿ ಹಾಕಿಸ್ಕೊಂಡೇ ಬನ್ನಿ," ಎಂದಳು ಹೆಂಡತಿ. "ಈ ಹಾಳು ಡಬ್ಬೀನ ಸಾಯಂಕಾಲ ಅಟ್ಟಕ್ಕೆ ಹಾಕ್ಬಿಡ್ತೀನಿ."

ಶಾಲೆ ಮದುವೆ ಮನೆಯಾಗಿತ್ತು.

"ಬೆಳಿಗ್ಗೆ ಬೆಳಿಗ್ಗೆ ಓಡಿಸಿದ್ನಲ್ಲ, ಅದಕ್ಕೇ ತಲೆ ಚುರುಕಾಗಿದ್ದು," ಎನ್ನುತ್ತಿದ್ದರು ಡ್ರಿಲ್ ಮೇಷ್ಟ್ರು.

"ಓಡಿ ಬಂದು ನನ್ನ ಕ್ಲಾಸಲ್ಲಿ ಗೊರಕೆ ಹೊಡೀತಿದ್ರು ಕಣ್ರೀ! ಎಬ್ಬಿಸಿ ಎಬ್ಬಿಸಿ ಲೆಕ್ಕ ಕಲಿಸ್ದೋಳು ನಾನು," ಎಂದರು ಗಣಿತದ ಟೀಚರು.

ಕಾವಲುಗಾರ ಬೀಗದ ಕೈ ಕುಣಿಸಿದ. "ಟೈಮಿಗೆ ಸರಿಯಾಗಿ ಗೇಟು ಹಾಕ್ದೋನು ನಾನು. ಒಳಗೆ ಸಿಕ್ಕಿಬಿದ್ಮೇಲೆ ಓದ್ದೆ ಇನ್ನೇನ್ ಮಾಡ್ತಾರೆ?"

ಮುಖ್ಯೋಪಾಧ್ಯಾಯಿನಿ ಬಿಡುಗಡೆ ಪತ್ರವನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. "ಓಡೋ ಬಂಡಿ ಚಕ್ರ ಯಾರಾದ್ರೂ ಬಿಚ್ತಾರೇನ್ರೀ? ಇನ್ನೊಂದ್ ವರ್ಷ ಯಾರನ್ನೂ ಬಿಡಲ್ಲ."

ಬಿಸಿ ಊಟ ಕಣ್ಣೆದುರೇ ಆವಿಯಾಗುವುದನ್ನು ಕಂಡು ಗುಮಾಸ್ತರಿಗೆ ಎಲ್ಲಿಲ್ಲದ ಧೈರ್ಯ ಬಂತು. ಬಾಗಿಲು ಹಾಕಿ, ಹಳೆಯ ಫೈಲು ಬಿಚ್ಚಿದರು. "ಮೇಡಂ, ಆ ಹನ್ನೆರಡು ಪಾಸಾದವರಲ್ಲ. ಫೇಲಾದವರು."

ಮೇಡಂ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. "ಇದು ಯಾರ್ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

ಕಾಗದ ಹರಿಯುವಷ್ಟು ಒತ್ತಿ ಸಹಿ ಬಿತ್ತು. "ಹೊರಡಿ. ಈಗಿಂದೀಗ್ಲೇ. ನಿಮ್ಮ ಕನ್ನಡಕಾನೂ ಎತ್ಕೊಂಡ್ ಹೋಗಿ!"

ಗುಮಾಸ್ತರು ಗೇಟಿನ ಹತ್ತಿರ ಬರುವಷ್ಟರಲ್ಲಿ, ಅಭಿನಂದನೆ ಸಭೆಗೆಂದು ಹೊರಟಿದ್ದ ಶಿಕ್ಷಣ ಇಲಾಖೆ ಅಧಿಕಾರಿಯ ಕಾರು ಒಳಗೆ ಬಂತು. ಕಾವಲುಗಾರ ಸಮಯಕ್ಕೆ ಸರಿಯಾಗಿ ಬೀಗ ಹಾಕಿದ. ಸಭೆ ಮುಗಿಯುವ ತನಕ ಗುಮಾಸ್ತರು ಸೇರಿ ಯಾರೂ ಅಲುಗುವ ಹಾಗಿರಲಿಲ್ಲ.

"ಏರಿದವರನ್ನ ಹೊಗಳಿದ್ರೆ ಸಾಲ್ದು, ಬಿದ್ದವರನ್ನೂ ಎತ್ತಬೇಕು," ಎಂದರು ಅಧಿಕಾರಿ. "ಇದೇ ಪಟ್ಟೀಲಿ ಒಂದು ಶಾಲೆ ನೂರಕ್ಕೆ ತೊಂಬತ್ತರಿಂದ ಒಂಬತ್ತಕ್ಕೆ ಬಿದ್ದಿದೆ. ಅಲ್ಲಿನ ಮಕ್ಕಳು ಅಲ್ಲೇ ಓದ್ಲಿ. ಆದ್ರೆ ಅದರ ಕಚೇರಿ ನಾಳೆಯಿಂದ ಒಂದು ವರ್ಷ ಇಲ್ಲೇ ನಡೆಯುತ್ತೆ. ಅಲ್ಲಿನ ಗುಮಾಸ್ತರು ನಿಮ್ಮ ಮೇಡಂ ಕಣ್ಣೆದುರು ಕೂತು ಕೆಲಸ ಕಲೀಲಿ."

ಆಮೇಲೆ ಆ ಶಾಲೆಯ ಹೆಸರು ಓದಿದರು. ಅದು ಗುಮಾಸ್ತರ ಬೀದಿಯ ತುದಿಯ ಶಾಲೆ.

ಗುಮಾಸ್ತರಿಗೆ ಥಟ್ಟನೆ ನೆನಪಾಯಿತು. ಹೋದ ತಿಂಗಳು ಅಲ್ಲಿನ ಮುದಿ ಗುಮಾಸ್ತರು ಮನೆ ಬಾಗಿಲಿಗೇ ಬಂದಿದ್ದರು. "ನಮ್ಮ ಪ್ರತೀನ ಗೆದ್ದಲು ತಿಂತು. ನಿನ್ನ ಹಳೇ ಪ್ರತಿ ಇದ್ರೆ ಕೊಡಪ್ಪಾ, ನೋಡ್ಕೊಂಡು ಹಂಗೇ ತುಂಬ್ತೀನಿ. ಆ ಸೂಚನೆ ಹಾಳೆ ಓದೋಕೆ ನನ್ನ ಕಣ್ಣಿಗಾಗಲ್ಲ." ಇವರು ದೊಡ್ಡ ಮನಸ್ಸು ಮಾಡಿ, ತಿರುಗಿಸಿಯೂ ನೋಡದೆ ಕಳೆದ ವರ್ಷದ್ದನ್ನೇ ಕೊಟ್ಟಿದ್ದರು. ಆ ಪುಣ್ಯಾತ್ಮರು ದೊಡ್ಡ ಸಂಖ್ಯೆ ಎಂಟಕ್ಕೆ, ಸಣ್ಣದು ಏಳಕ್ಕೆ ಅಂತ ಅಚ್ಚುಕಟ್ಟಾಗಿ ಇಳಿಸಿದ್ದರು. ಒಂದು ಮೆಟ್ಟಿಲು ಮೇಲೇರಿದ್ದ ಶಾಲೆ ಪಾತಾಳ ಕಂಡಿತ್ತು.

"ಸಾರ್, ಆ ಒಂಬತ್ತು ಫೇಲಾದವರು ಸಾರ್!" ಮಾತು ಬಾಯಿಂದ ಜಾರಿಯೇಬಿಟ್ಟಿತು. ಮೇಡಂಗೆ ಕೆಮ್ಮು ಹತ್ತಿಕೊಂಡಿತು.

"ಇರಬಹುದು," ಎಂದರು ಅಧಿಕಾರಿ ಸಮಾಧಾನವಾಗಿ. "ತಿದ್ದುಪಡೀನ ಆ ಶಾಲೆ ಗುಮಾಸ್ತರೇ ಬರೆದು ಕಳಿಸ್ಲಿ. ಮುಂದಿನ ವರ್ಷದ ಪಟ್ಟೀಲಿ ಸರಿ ಮಾಡೋಣ. ಅವರು ಯಾರು ಈಗ?"

ಗುಮಾಸ್ತರು ಕೈಯಲ್ಲಿದ್ದ, ಮಸಿ ಇನ್ನೂ ಆರದ ಪತ್ರವನ್ನು ನೋಡಿದರು. "ನಾನೇ ಸಾರ್."

"ಒಳ್ಳೇದಾಯ್ತು! ನಿಮಗೆ ದಾರಿ ಹುಡುಕೋ ಕಷ್ಟ ಇಲ್ಲ."

ಸಂಜೆಯೊಳಗೆ ಕಾವಲುಗಾರ ಹೊಸ ಕಚೇರಿಗೆಂದು ಮೇಜು ಹಾಕಿದ. ಹಳೆಯದೇ ಮೇಜು, ಮುಖ ಮಾತ್ರ ಗೋಡೆ ಕಡೆಗೆ.

ಎರಡನೇ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಂತೂ ಬೀದಿ ತುದಿಯ ಶಾಲೆಯಲ್ಲಿ ನೂರಕ್ಕೆ ತೊಂಬತ್ತೊಂದು ಮಕ್ಕಳು ನಿಜವಾಗಿ ಪಾಸಾಗಿದ್ದಾರಲ್ಲ ಎಂದುಕೊಂಡಾಗ ಗುಮಾಸ್ತರಿಗೆ ನಗುವೇ ಬಂತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಸಹಿ ಆಯ್ತಾ?"

"ಆಯ್ತು."

"ನಮ್ಮ ಬೀದಿ ಶಾಲೆಗೇ?"

"ಅದಕ್ಕೇ."

ಅವಳು ಅವರ ಕೈಯಿಂದ ಡಬ್ಬಿ ಕಸಿದುಕೊಂಡು, ತೊಳೆದು, ಸ್ಟೂಲು ಹತ್ತಿ ಅಟ್ಟದ ಕಡೆ ಕೈಚಾಚಿದಳು.

"ಅಷ್ಟು ಮೇಲಿಡಬೇಡ ಕಣೇ," ಎಂದರು ಗುಮಾಸ್ತರು ಚಪ್ಪಲಿ ಬಿಡುತ್ತ. "ಬೆಳಿಗ್ಗೆ ಕೈಗೆ ಸಿಗಬೇಕು."