ಹೊಳೆಯಲ್ಲಿ ಹದಿನೇಳರ ಮಗ್ಗಿ

ನನ್ನ ಹೆಂಡತಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ರಜೆಗೆ ಮಕ್ಕಳನ್ನು ಕರೆದುಕೊಂಡು ಹೊಳೆಯ ದಂಡೆಯಲ್ಲಿ ಟೆಂಟ್ ಹಾಕೋಣ, ರಾತ್ರಿ ಊಟಕ್ಕೆ ಸ್ವತಃ ನಾನೇ ಮೀನು ಹಿಡಿಯುತ್ತೇನೆ ಎಂದು ಘೋಷಿಸಿದರೆ, ಅವಳು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಿಸ್ಕತ್ತು ಎಲ್ಲ ಚೀಲಕ್ಕೆ ತುಂಬತೊಡಗಿದಳು. ನನಗೆ ರೇಗಿತು. ಹೊಳೆಗೆ ಬುತ್ತಿ ಒಯ್ಯುವುದು ನನಗೂ ಹೊಳೆಗೂ ಅವಮಾನ ಎಂದು ಭಾಷಣ ಬಿಗಿದು ಅಷ್ಟನ್ನೂ ಹೊರಗೆ ತೆಗೆಸಿದೆ. ಕಾವಲಿ, ಎಣ್ಣೆ, ಉಪ್ಪು, ಖಾರದಪುಡಿ ಮಾತ್ರ ನಮ್ಮ ಜೊತೆ ಹೊರಟವು.

"ಮೀನು ಸಿಗದಿದ್ರೆ?" ಎಂದಳು.

"ಸಿಗದೆ ಎಲ್ಲಿಗೆ ಹೋಗ್ತವೆ?" ಎಂದೆ.

ಎಲ್ಲಿಗೆ ಹೋಗುತ್ತವೆ ಎಂದು ಆಮೇಲೆ ಗೊತ್ತಾಯಿತು.

ನಾನು ಲೆಕ್ಕದ ಮೇಷ್ಟ್ರು. ನನ್ನ ಕಂಠ ಗೋಡೆ ದಾಟಿ ಪಕ್ಕದ ಕ್ಲಾಸಿನ ಇತಿಹಾಸವನ್ನೂ ಅಡಗಿಸುತ್ತದೆ. (ಇತಿಹಾಸದ ಮೇಡಂ ಎರಡು ಸಲ ದೂರು ಕೊಟ್ಟಿದ್ದಾರೆ. ಹೊಟ್ಟೆಕಿಚ್ಚು, ಮತ್ತೇನಲ್ಲ.) ಗಾಳ ಹಾಕುವವರ ಮೊದಲ ನಿಯಮ ಮೌನ ಎಂದು ಎಲ್ಲೋ ಓದಿದ್ದೆ. ಆದ್ದರಿಂದ ಗಾಳ ನೀರಿಗೆ ಬಿಟ್ಟ ಕೂಡಲೇ ನಿಯಮ ಜಾರಿಗೆ ತಂದೆ. ಆರು ವರ್ಷದ ಮಗ, ಮೀನು ನಿದ್ದೆ ಮಾಡುತ್ತವೆಯೇ ಎಂದು ಪಿಸುಗುಟ್ಟಿದ. "ಸೈಲೆನ್ಸ್" ಎಂದು ಗರ್ಜಿಸಿದೆ. ಅವನಿಗೆ ಸೀನು ಬಂತು, ಮತ್ತೆ ಗರ್ಜಿಸಿದೆ. ಹತ್ತು ವರ್ಷದ ಮಗಳು ಸುಮ್ಮನೆ ಕೂತಿದ್ದಳು. ಮಾತಾಡುವ ಯೋಚನೆ ಇದ್ದಂತೆ ಕಂಡಿತು, ಮುಂಜಾಗ್ರತೆಯಾಗಿ ಅವಳಿಗೂ ಒಂದು ಗರ್ಜನೆ.

ಮಕ್ಕಳು ಬಾಯಿ ಮುಚ್ಚಿ ಅರ್ಧ ಗಂಟೆಯಾಯಿತು ಎಂದು ಹೆಂಡತಿ ಹೇಳಿದಳು. ಈಗ ಮಾತಾಡಿದ್ದು ಯಾರು ಎಂದು ಅವಳ ಮೇಲೂ ಹರಿಹಾಯ್ದೆ. ಕೊನೆಗೆ ಕ್ಲಾಸಿನಲ್ಲಿ ಮಾಡುವುದನ್ನೇ ಮಾಡಿದೆ: ಮಕ್ಕಳಿಬ್ಬರನ್ನೂ ಹೊರಗೆ ಹಾಕಿದೆ. ಅಂದರೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಹೊಳೆ ಕೆಳಗಡೆ ತಿರುಗುವಲ್ಲಿಗೆ ಅಟ್ಟಿದೆ. ಅಳಬಾರದೆಂದು ಒಂದು ದಾರ, ಒಂದು ಗಾಳ, ನಾಲ್ಕು ಎರೆಹುಳ, ಒಂದು ಬಕೆಟ್ ಕೊಟ್ಟೆ.

ಸಂಜೆಯಾಯಿತು. ನನ್ನ ಗಾಳಕ್ಕೆ ಒಂದು ಪಾಚಿ ಎಳೆಯೂ ಸಿಗಲಿಲ್ಲ. ರೋಸಿಹೋಗಿ ಮೀನುಗಳನ್ನೇ ಹೆಸರಿಟ್ಟು ಬೈದೆ, ನೀರಿಗೆ ಕೋಲು ಬಡಿದೆ. ಹೆಂಡತಿ ಖಾಲಿ ಕಾವಲಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ನನ್ನ ಜಂಬಕ್ಕೆ ಮಕ್ಕಳು ಉಪವಾಸ ಮಲಗಬೇಕಲ್ಲ ಎಂದು, ನಿಜವಾಗಿ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಮಕ್ಕಳು ಬಕೆಟ್ ಹೊತ್ತು ಬಂದರು. ಒಳಗೆ ಮೂರು ಮೀನು, ಒಂದೊಂದೂ ಮೊಳದುದ್ದ. (ಮೊಳ ಮಗನದು.)

"ಹೇಗೆ ಹಿಡಿದ್ರಿ?" ಎಂದೆ, ದನಿ ತಗ್ಗಿಸಿ.

"ನಾವೇನೂ ಮಾಡ್ಲಿಲ್ಲ ಅಪ್ಪ," ಎಂದಳು ಮಗಳು. "ನೀವು ಕೂಗಿದಾಗೆಲ್ಲ ಅವು ಗುಂಪು ಗುಂಪಾಗಿ ನಮ್ಮ ಹತ್ರ ಓಡಿ ಬರ್ತಿದ್ವು."

ಹೆಂಡತಿ ನಕ್ಕು ನಕ್ಕು ಕಾವಲಿ ಕೆಳಗಿಟ್ಟು ಕೂತುಬಿಟ್ಟಳು. ನಾಲ್ಕು ಜನಕ್ಕೆ ಮೂರು ಮೀನು ಎಂಬ ಲೆಕ್ಕವನ್ನು ನಾನು ಮೆಲ್ಲಗೆ ಮುಂದಿಟ್ಟೆ. ಮಗಳು ಬಹಳ ವಿನಯದಿಂದ, "ಹಾಗಾದ್ರೆ ಇನ್ನೊಂದ್ಸಲ ಕೂಗ್ತೀರಾ ಅಪ್ಪ?" ಎಂದು ಕೇಳಿದಳು. ಸಹಾಯಕ್ಕೆಂದು ಹೆಂಡತಿಯ ಮುಖ ನೋಡಿದೆ. ಅವಳು ಎದ್ದು ಬಂದು ನನ್ನ ಕೈಯಿಂದ ಗಾಳದ ಕೋಲು ತೆಗೆದುಕೊಂಡಳು.

ಮಕ್ಕಳು ಮತ್ತೆ ತಿರುವಿಗೆ ಓಡಿದರು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಹದಿನೇಳರ ಮಗ್ಗಿ ಶುರುಮಾಡಿದೆ. ಹದಿನೇಳೆಂಟ್ಲ ನೂರಾಮೂವತ್ತಾರಕ್ಕೆ ಬರುವಷ್ಟರಲ್ಲಿ ಕೆಳಗಡೆ ಮಗ ಕುಣಿದಾಡುವುದು ಕಂಡಿತು. ಸದ್ಯ, ನನ್ನ ಪಾಲೂ ಬಂತು ಎಂದು ದಡ ಹತ್ತಲು ಹೊರಟೆ.

"ನಿಲ್ಲಿಸ್ಬೇಡಿ ರೀ," ಎಂದಳು ಹೆಂಡತಿ, ಒಲೆಗೆ ಕಟ್ಟಿಗೆ ಇಡುತ್ತ. "ಬೆಳಗಿನ ತಿಂಡಿಗೂ ಬೇಕಲ್ಲ."