ಮೂರು ಫಾರಂ, ಒಂದೇ ಕೈ

ಶಿರಸ್ತೇದಾರ್ ವೃಷಭೇಂದ್ರಪ್ಪನವರ ಮಗಳು ಹೇಮಶ್ರೀ ಅಪ್ಪನ ಜೊತೆ ಮಾತು ಬಿಟ್ಟು ಇಪ್ಪತ್ತೊಂದು ದಿನವಾಗಿತ್ತು. ಎಷ್ಟು ತಲೆ ಕೆರೆದುಕೊಂಡರೂ ಅವರಿಗೆ ಕಾರಣ ಹೊಳೆದಿರಲಿಲ್ಲ. ಪಿಯುಸಿ ಅರ್ಜಿಗೆ ಅವಳು ಆರ್ಟ್ಸ್ ಅಂದಿದ್ದಳು, ಇವರು ಸೈನ್ಸ್ ಅಂತ ತುಂಬಿ ಕಾಲೇಜಿಗೆ ಕೊಟ್ಟು ಬಂದಿದ್ದರು, ಅಷ್ಟೇ. ರೇಷನ್ ಕಾರ್ಡಿನಿಂದ ಹಿಡಿದು ಆ ಮನೆಯ ಸಕಲ ಅರ್ಜಿಗಳನ್ನೂ ತುಂಬುವವರು ಅವರೇ. ಬೇರೆಯವರು ಪೆನ್ನು ಮುಟ್ಟಿದರೆ ಚಿತ್ತುಕಾಟಾಗುತ್ತದೆ ಎಂಬುದು ಅವರ ಮೂವತ್ತು ವರ್ಷದ ಸರ್ವೀಸಿನ ಸಾರ. (ತಮ್ಮ ಮದುವೆಯ ಲಗ್ನಪತ್ರಿಕೆಯಲ್ಲಿ ಮಾವನವರ ಹೆಸರನ್ನೇ ತಿದ್ದಿದ್ದ ಮಹಾನುಭಾವರು.)

ಈಗ ಅಪ್ಪ-ಮಗಳ ವ್ಯವಹಾರವೆಲ್ಲ ಅವರ ಹೆಂಡತಿ ಪ್ರೇಮಲೀಲಮ್ಮನವರ ಮೂಲಕ.

“ಅಮ್ಮ, ಅಪ್ಪಂಗೆ ಫೋನು.”

“ರೀ, ನಿಮಗೆ ಫೋನಂತೆ.”

“ಯಾರದ್ದು ಅಂತ ಕೇಳು.”

“ನಾನೇನು ಈ ಮನೆ ಜವಾನನಾ? ಪಕ್ಕದಲ್ಲೇ ಕೂತವ್ಳೆ, ನೀವೇ ಕೇಳ್ಬಾರ್ದಾ?”

ಕೇಳಬಹುದಿತ್ತು. ಆದರೆ ಅವಳು ಉತ್ತರ ಕೊಡದಿದ್ದರೆ ಎಂಬ ಭಯ. ಸಂಜೆ ಆಫೀಸಿನಿಂದ ಬಂದರೆ ಗೇಟಿನ ಹತ್ತಿರವೇ ಶುರುವಾಗುತ್ತಿದ್ದ ಅವಳ ಹರಟೆಯಿಲ್ಲದೆ ಅವರಿಗೆ ಕಾಫಿಯೂ ರುಚಿಸುತ್ತಿರಲಿಲ್ಲ.

ಹೀಗಿರುವಾಗ ಪೇಪರಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಒತ್ತಡವಿರಲಿ, ದುಃಖವಿರಲಿ, ಮಕ್ಕಳ ಸಮಸ್ಯೆಯಿರಲಿ, ಇಂಟರ್ನೆಟ್ಟಿನಲ್ಲೇ ಆಪ್ತಸಲಹೆ ಕೊಡುತ್ತಾರಂತೆ. ಮನಸ್ಸಿನ ನೋವನ್ನು ಟಪಾಲಿನಲ್ಲಿ ಕಳಿಸಬಹುದೆಂದರೆ ಶಿರಸ್ತೇದಾರರಿಗೆ ಅದಕ್ಕಿಂತ ಇನ್ನೇನು ಬೇಕು. ಕುವೆಂಪುನಗರದಲ್ಲಿ ಆ ವರ್ಷವಷ್ಟೇ ತೆರೆದಿದ್ದ ಶಿವಕುಮಾರನ ಸೈಬರ್ ಕೆಫೆಗೆ ಹೋಗಿ, ‘ವಿಷಯ: ಪುತ್ರಿಯು ಮಾತನಾಡದಿರುವ ಬಗ್ಗೆ’ ಎಂದು ಮೇಲ್ ಬಿಟ್ಟರು. ಮಾರನೇ ದಿನವೇ ಮೂರು ಫಾರಂ ಬಂದವು. ಅಪ್ಪ, ಅಮ್ಮ, ಮಗಳು ತಂತಮ್ಮದನ್ನು ತಾವೇ ತುಂಬಿ ಕಳಿಸಬೇಕಿತ್ತು.

ಫಾರಂ ಕಂಡದ್ದೇ ಅವರಿಗೆ ಹುರುಪು ಬಂತು. ಹೆಂಡತಿಗೆ ಬಿಡುವಿಲ್ಲ, ಮಗಳಿಗೆ ಮಾತಿಲ್ಲ, ಅವರಿಗೇಕೆ ತೊಂದರೆ ಎಂದು ಮೂರನ್ನೂ ತಾವೇ ಅಚ್ಚುಕಟ್ಟಾಗಿ ತುಂಬಿದರು. ತಂದೆಯ ಬಗ್ಗೆ ಅಭಿಪ್ರಾಯವೇನು ಎಂಬಲ್ಲಿ ಮಗಳ ಪರವಾಗಿ ‘ಪೂಜ್ಯಭಾವನೆ ಇರುತ್ತದೆ’ ಎಂದರು. ಗಂಡನ ಯಾವ ಗುಣ ಬದಲಾಗಬೇಕು ಎಂಬಲ್ಲಿ ಹೆಂಡತಿಯ ಪರವಾಗಿ ‘ಅನ್ವಯಿಸುವುದಿಲ್ಲ’. ಮಗಳ ಫಾರಂನಲ್ಲಿ, ನಿಮ್ಮ ಮನಸ್ಸಿಗೆ ನೋವಾದದ್ದು ಯಾವುದರಿಂದ ಎಂಬ ಪ್ರಶ್ನೆ ಬಂದಾಗ ಮಾತ್ರ ಕೈ ನಿಂತಿತು. ಅದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೊನೆಗೆ ಆಫೀಸಿನ ರೂಢಿಯಂತೆ ‘ನಿಲ್’ ಎಂದು ಒತ್ತಿದರು.

ಉತ್ತರ ಬಂದ ಭಾನುವಾರ, ಆಪ್ತಸಲಹೆಗಾರರು ಹೇಳಿದ್ದನ್ನು ಎಲ್ಲರೂ ಕೇಳಲಿ ಎಂದು ಇಬ್ಬರನ್ನೂ ಕೆಫೆಗೆ ಕರೆತಂದರು. ಹೇಮಶ್ರೀ ಅಮ್ಮನಿಗೆ ಓದಿ ಹೇಳಿದಳು: “ತಾಯಿಯೂ ಮಗಳೂ ಪರಮ ಸುಖಿಗಳು. ಮಗಳು ಮಾತಾಡುತ್ತಿಲ್ಲ ಎಂಬುದು ಬಹುಶಃ ತಂದೆಯ ಭ್ರಮೆ. ಅವರೊಬ್ಬರಿಗೇ ಹತ್ತು ವಾರ ಆಪ್ತಸಲಹೆ ಬೇಕಾಗಬಹುದು.”

“ಭ್ರಮೆಯಾ? ಪ್ರೇಮಾ, ನೀನೇ ಹೇಳು, ಇವಳು ನನ್ನ ಹತ್ರ ಮಾತಾಡ್ತಾಳಾ?”

ಪ್ರೇಮಲೀಲಮ್ಮ ಅಷ್ಟರಲ್ಲಿ ಮೇಲ್‌ನ ಕೆಳಗಿದ್ದ ಫಾರಂಗಳನ್ನು ನೋಡುತ್ತಿದ್ದರು. “ಅನ್ವಯಿಸುವುದಿಲ್ಲ ಅಂತ ನಾನ್ಯಾವಾಗ ಬರೆದೆ? ನಿಮ್ಮ ಗುಣ ನನಗೆ ಅನ್ವಯಿಸದೆ ಎದುರು ಮನೆಯವ್ರಿಗೆ ಅನ್ವಯಿಸ್ತದಾ?”

“ಟೈಮ್ ಉಳೀಲಿ ಅಂತ ಕಣೇ…”

ಹೇಮಶ್ರೀ ತನ್ನ ಫಾರಂ ಪೂರ್ತಿ ಓದಿದಳು. ನಿಧಾನವಾಗಿ ಅಪ್ಪನ ಕಡೆ ತಿರುಗಿದಳು.

“ಅಪ್ಪ, ನೀವು ಏಳಿ. ಹೊರಗೆ ಬೆಂಚಿನ ಮೇಲೆ ಕೂತಿರಿ. ನಮ್ಮದನ್ನ ನಾವು ತುಂಬ್ತೀವಿ.”

ಮಗಳು ಮಾತಾಡಿದ್ದಳು. ಹಿಗ್ಗಬೇಕೋ ಎದ್ದು ಹೋಗಬೇಕೋ ತಿಳಿಯದೆ ವೃಷಭೇಂದ್ರಪ್ಪನವರು ಎರಡನ್ನೂ ಮಾಡಿದರು. ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಒಳಗೆ ಟೈಪಿನ ಸದ್ದು ನಿಲ್ಲಲಿಲ್ಲ. ಅಷ್ಟು ಬರೆಯುವಂಥದ್ದು ಏನಿದೆಯೆಂದು ಅವರಿಗೆ ಎಳ್ಳಷ್ಟೂ ಅರ್ಥವಾಗಲಿಲ್ಲ. ಒಂದು ಗಂಟೆಗೆ ಶಿವಕುಮಾರ ಹೊರಗೆ ಬಂದ.

“ಸಾರ್, ಮನೇಲಿ ಹುಳಿ ಮಾಡಿಟ್ಟಿದ್ದಾರಂತೆ, ಊಟ ನೀವೇ ಬಡಿಸ್ಕೊಬೇಕಂತೆ. ಅವರಿನ್ನೂ ಎರಡನೇ ಪ್ರಶ್ನೇಲೇ ಇದ್ದಾರಂತೆ.”